ಫಲಿತಾಂಶ ನೋಡಲು ಅರಕಲಗೂಡಿಗೆ

ಕೆಟ್ಟ ಸುದ್ದಿಯನ್ನು ನಾವು ದಿನವೂ ಓಡಾಡುವ ಊರಿನಲ್ಲಿ ಓದಬಾರದು. ಇದು ನಾನು ಕಂಡುಕೊಂಡದ್ದಲ್ಲ. ಹಾಸನದ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಮೇಡಂ ಒಬ್ಬರು ಹೇಳಿಕೊಟ್ಟದ್ದು. ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ, ‘ನನ್ನೆಸ್ರು ಅಚ್ಚಾಗಕ್ಕೆ ಇದೇ ಬೇಕಿತ್ತೇನಮ್ಮಿ’ ಎಂದು ಛೇಡಿಸುತ್ತಿದ್ದರು. ಅವರ ಕಡೆ ಹುಡುಗಿಯರನ್ನು ಅಮ್ಮಿ ಎನ್ನುತ್ತಾರೆ. ನನಗೆ ಮೂವತ್ತು ಹತ್ತಿರವಾಗಿದ್ದರೂ ಅವರಿಗೆ ನಾನು ಅಮ್ಮಿಯೇ.

ಅವರಿಗೆ ಐವತ್ತು ದಾಟಿತ್ತು. ನಾವಿಬ್ಬರೂ ಅತಿಥಿ ಉಪನ್ಯಾಸಕರು. ಅಂದರೆ ಪ್ರತಿವರ್ಷ ಕಾಲೇಜು ಮತ್ತೆ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ನಾನು ಸೇರಿ ಮೂರು ವರ್ಷವಾಗಿತ್ತು. ಅವರು ನಾನು ಪ್ರೈಮರಿ ಶಾಲೆಯಲ್ಲಿದ್ದಾಗಿನಿಂದಲೂ ಅತಿಥಿಯೇ. ಬೇರೆ ಯಾರ ಮನೆಯಲ್ಲಾದರೂ ಇಷ್ಟು ವರ್ಷ ನೆಂಟರಾಗಿ ಕೂತಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದರು, ಕಾಲೇಜಿನವರು ಪಾಪ ಇನ್ನೂ ಟೀ ಕೊಡುತ್ತಿದ್ದಾರೆ ಎಂದು ನಗುತ್ತಿದ್ದರು. ಹೊಳೆನರಸೀಪುರದ ಆಚೆಯ ನಾಲೆ ಬಯಲಿನ ಹಳ್ಳಿಯವರು. ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಾಲಗಾಮೆ ರಸ್ತೆಯ ಬದಿಯ ಒಂದು ಅಡ್ಡರಸ್ತೆಯಲ್ಲಿ ಬಾಡಿಗೆಗಿದ್ದರು.

ಬೋರ್ಡಿನ ಮೇಲೆ ಅವರು ಆಲೂಗೆಡ್ಡೆ ಹೂವು ಬರೆಯುವುದನ್ನು ನೋಡಬೇಕಿತ್ತು. ಬೇರೆ ವಿಭಾಗದ ಹುಡುಗರು ಕಾರಿಡಾರಿನಲ್ಲಿ ನಿಂತು ನೋಡುತ್ತಿದ್ದರು. ಐದು ದಳ, ನಡುವೆ ಕೇಸರಗಳ ಗೊಂಚಲು, ಎಲ್ಲ ಕೈ ಎತ್ತದೆ. ಪಾಠ ಮುಗಿದ ಕೂಡಲೇ ಡಸ್ಟರು ಹುಡುಕದೆ ಅಂಗೈಯಿಂದಲೇ ಒರೆಸಿಬಿಡುತ್ತಿದ್ದರು. ಫೋಟೋ ತೆಗೆದುಕೊಳ್ಳುತ್ತೇವೆ ಇರಿ ಮೇಡಂ ಎಂದರೆ, ಹೊಲಕ್ಕೆ ಹೋಗಿ ತೆಗೆದುಕೊಳ್ಳಿ, ಅಲ್ಲಿ ಒರೆಸುವವರು ಯಾರೂ ಇಲ್ಲ ಎನ್ನುತ್ತಿದ್ದರು. ಒರೆಸುವುದಕ್ಕೆ ಅಂಗಮಾರಿ ರೋಗ ಇದೆಯಲ್ಲ ಎಂದು ಯಾವನೋ ಒಬ್ಬ ಜಾಣ ಹೇಳಿದ್ದಕ್ಕೆ ಅವನಿಗೆ ಇಂಟರ್ನಲ್ಸಿನಲ್ಲಿ ಪೂರ್ತಿ ಅಂಕ ಕೊಟ್ಟರಂತೆ.

ಅಂಗಮಾರಿಯೇ ಅವರ ಗೀಳು. ಹಾಸನದ ಸುತ್ತ ಆಲೂಗೆಡ್ಡೆ ಬೆಳೆಯುವವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೋಡ ಮುಚ್ಚಿಕೊಂಡು ಮಳೆ ಹಿಡಿದರೆ ಹಸಿರಾಗಿದ್ದ ಹೊಲ ನಾಲ್ಕು ದಿನದಲ್ಲಿ ಸುಟ್ಟಂತೆ ಕಪ್ಪಾಗುತ್ತದೆ. ಅದರ ಮೇಲೆ ಪಿಎಚ್.ಡಿ. ಮಾಡಬೇಕು ಎಂದು ಅವರು ವರ್ಷ ವರ್ಷವೂ ಅರ್ಜಿ ಹಾಕುತ್ತಿದ್ದರು. ಒಂದು ವರ್ಷ ಪ್ರವೇಶ ಪರೀಕ್ಷೆಯಲ್ಲಿ ಹೋಗುತ್ತಿತ್ತು, ಇನ್ನೊಂದು ವರ್ಷ ಸಂದರ್ಶನದಲ್ಲಿ, ಮತ್ತೊಂದು ವರ್ಷ ಎಲ್ಲ ಸರಿಯಾದರೂ ಮಾರ್ಗದರ್ಶಕರ ಬಳಿ ಜಾಗ ಇರುತ್ತಿರಲಿಲ್ಲ. ಒಂದು ಸಂದರ್ಶನದಲ್ಲಿ ಅವರಿಗಿಂತ ಚಿಕ್ಕವರೊಬ್ಬರು, ಇಷ್ಟು ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದರಂತೆ. ‘ಅಂಗಮಾರಿ ಬರೋದು ಇನ್ನೂ ನಿಂತಿಲ್ವಲ್ಲ ಸಾ’ ಎಂದು ಇವರು ಹೇಳಿದರಂತೆ. ಉತ್ತರ ಚೆನ್ನಾಗಿತ್ತು, ಸೀಟು ಸಿಗಲಿಲ್ಲ.

ನನ್ನ ಗೀಳು ಕಲ್ಲುಹೂವು. ಹಳೆಯ ದೇವಸ್ಥಾನಗಳ ಗೋಡೆಯ ಮೇಲೆ ಬೂದು ಬಣ್ಣಕ್ಕೆ ಹಬ್ಬಿರುತ್ತದಲ್ಲ, ಅದು. ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಇದನ್ನು ವಿವರಿಸಲು ಹೋಗಿ ನಾನು ಸೋತಿದ್ದೇನೆ. ಮಸಾಲೆಗೆ ಹಾಕುವ ಕಲ್ಲುಹೂವು ಅಂಗಡಿಯಲ್ಲೇ ಸಿಗುತ್ತಲ್ಲ, ಅದಕ್ಕೆ ಐದು ವರ್ಷ ಓದಬೇಕಾ ಎಂದು ಪಕ್ಕದ ಮನೆಯ ಮಾವ ಕೇಳುತ್ತಾರೆ. ಮೊದಲನೇ ವರ್ಷ ನಾನು ಪಿಎಚ್.ಡಿ.ಗೆ ಅರ್ಜಿ ಹಾಕಿದಾಗ ಈ ಮಾವನಿಗೂ ಹೇಳಿ, ಚಿಕ್ಕಮ್ಮಂದಿರಿಗೂ ಹೇಳಿ, ಕಾಲೇಜಿನಲ್ಲೂ ಹೇಳಿದ್ದೆ. ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿಗೆ ಆಗುವುದೇ ನನಗೂ ಆಯಿತು.

ಆ ಇಮೇಲ್ ಬಂದದ್ದು ಸ್ಟಾಫ್ ರೂಮಿನಲ್ಲಿ, ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿ ಕೂತಿದ್ದಾಗ. ಎಲ್ಲರ ಎದುರಿಗೇ ತೆರೆದೆ. ಇಲ್ಲ ಎಂದಿತ್ತು. ಸುತ್ತಲಿದ್ದವರು ಒಬ್ಬೊಬ್ಬರಾಗಿ ಏನಾಯಿತು ಎಂದು ಕೇಳಿದರು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಇಲ್ಲವಂತೆ ಎಂದು ಹೇಳಬೇಕಾಯಿತು. ಮಾರನೆಯ ದಿನ ಆ ಕುರ್ಚಿಯಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಕೂತ ತಕ್ಷಣ ಅದೇ ಸಾಲುಗಳು ಕಣ್ಣಿಗೆ ಬರುತ್ತಿದ್ದವು. ಗೋಡೆಗೆ ಒರಗಿ ನಿಂತೇ ಟೀ ಕುಡಿದೆ. ಅದರ ಮರುದಿನ ಬಂದು ನೋಡಿದರೆ ಮೇಡಂ ನನ್ನ ಕುರ್ಚಿಯಲ್ಲಿ ಕೂತಿದ್ದಾರೆ, ನನ್ನ ಪುಸ್ತಕಗಳೆಲ್ಲ ಅವರ ಹಳೆಯ ಜಾಗದಲ್ಲಿವೆ. ಕಣ್ಣು ಮಂಜಾಗಿದೆ, ಬೆಳಕು ಬೇಕು ಎಂದರು. ಆ ಕಿಟಕಿಯ ಬಿಸಿಲು ಕಣ್ಣಿಗೆ ಚುಚ್ಚುತ್ತದೆ ಎಂದು ಹಿಂದಿನ ತಿಂಗಳು ಗೊಣಗಿದವರೂ ಅವರೇ.

ಆ ದಿನ ಸಂಜೆ ಗೇಟಿನ ಹತ್ತಿರ ನಿಲ್ಲಿಸಿ ತಮ್ಮ ಪದ್ಧತಿ ಹೇಳಿದರು.

‘ಆಸ್ನದಲ್ಲಿ ದಿನಾ ಓಡಾಡ್ಬೇಕು ಕಣಮ್ಮಿ. ಇಲ್ಲಿ ಅತ್ರೆ ಇಲ್ಲೇ ಉಳ್ಕತದೆ, ದಿನಾ ಎದ್ರಿಗೆ ಸಿಗ್ತದೆ. ಅರಕಲಗೂಡ್ನಲ್ಲಿ ನಮಗೇನು ಕೆಲ್ಸ ಐತೆ? ಅಲ್ಲಿ ಅತ್ಬುಟ್ಟು ಬರಾನ.’

ಪದ್ಧತಿ ಎಂದರೆ ಪದ್ಧತಿಯೇ, ಅದರಲ್ಲಿ ಆಚೀಚೆ ಇಲ್ಲ. ಮೇಲ್ ಬಂದಿದೆ ಎಂದು ಫೋನು ಹೇಳಿದರೆ ಫೋನನ್ನು ಬ್ಯಾಗಿಗೆ ಹಾಕಿಕೊಳ್ಳಬೇಕು. ಬಸ್ ಹತ್ತಿ ಬೇರೆ ಊರಿಗೆ ಹೋಗಬೇಕು. ಅದು ಸ್ವಂತ ಊರಾಗಿರಬಾರದು, ನೆಂಟರಿಷ್ಟರು ಇರುವ ಊರೂ ಆಗಿರಬಾರದು. ಹಾಗಾಗಿ ಅವರಿಗೆ ಹೊಳೆನರಸೀಪುರ ಆಗದು, ನನಗೆ ಚನ್ನರಾಯಪಟ್ಟಣ ಆಗದು. ಇಬ್ಬರಿಗೂ ಸಲ್ಲುವುದು ಅರಕಲಗೂಡು. ಇಳಿದ ಮೇಲೆ ಮೊದಲು ಹೊಟ್ಟೆ ತುಂಬ ತಿನ್ನಬೇಕು, ಆಮೇಲೆ ಮೇಲ್ ತೆರೆಯಬೇಕು. ಹಸಿದ ಹೊಟ್ಟೆಯಲ್ಲಿ ಇಲ್ಲ ಎನ್ನಿಸಿಕೊಂಡರೆ ಎರಡು ಸಲ ಹೇಳಿದ ಹಾಗೆ ಕೇಳಿಸುತ್ತದಂತೆ. ಕೊನೆಯದಾಗಿ, ಬರಿಗೈಯಲ್ಲಿ ವಾಪಸ್ ಬರಬಾರದು. ಬಸ್ ನಿಲ್ದಾಣದ ಹೊರಗೆ ಬೆರಕೆ ಸೊಪ್ಪು ಮಾರುವ ಹೆಂಗಸಿನ ಹತ್ತಿರ ಒಂದೊಂದು ಕಟ್ಟು ಕೊಂಡು ಬರಬೇಕು. ಸೀಟು ಇಲ್ಲದಿದ್ದರೆ ಬಸ್ಸಾರಾದರೂ ಆಗಲಿ.

ಈ ಸೊಪ್ಪಿನಿಂದ ಒಂದು ತೊಂದರೆಯಾಗಿತ್ತು. ಮೇಡಂ ಕೈಯಲ್ಲಿ ಸೊಪ್ಪಿನ ಕಟ್ಟು ಕಂಡರೆ ಆ ವರ್ಷವೂ ಆಗಲಿಲ್ಲ ಎಂದು ಇಡೀ ಸ್ಟಾಫ್ ರೂಮಿಗೆ ಗೊತ್ತಾಗಿಬಿಡುತ್ತಿತ್ತು. ಪ್ರಾಣಿಶಾಸ್ತ್ರದ ಸರ್ ಒಬ್ಬರಿದ್ದಾರೆ, ನಿವೃತ್ತಿಗೆ ಹತ್ತಿರವಾದವರು. ಅವರು ಪೇಪರಿನಿಂದ ತಲೆಯೆತ್ತಿ, ‘ಈ ಸಲ ಯಾವ ಸೊಪ್ಪು ಮೇಡಂ?’ ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಮೇಡಂ ಕೂಡ. ಕೆಟ್ಟ ಮನುಷ್ಯರೇನೂ ಅಲ್ಲ. ಬೇರೆ ಏನು ಹೇಳಬೇಕೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆ ವರ್ಷ ನಾನು ಬೇರೆ ಕಡೆಗೂ ಅರ್ಜಿ ಹಾಕಿದ್ದೆ. ಅಲ್ಲಿಯ ಉತ್ತರಗಳೂ ಅವರದೂ ಸೇರಿ ನಾವು ಅರಕಲಗೂಡಿಗೆ ಕೆಲವು ಸಲ ಹೋದೆವು. ಹೆಂಗಸರಿಗೆ ಬಸ್ ಉಚಿತವಾಗಿತ್ತು. ಮೊದಲೆಲ್ಲ ದುಡ್ಡು ಕೊಟ್ಟು ಅಳುವುದಕ್ಕೆ ಹೋಗುತ್ತಿದ್ದೆ, ಈಗ ಸರ್ಕಾರವೇ ಕಳಿಸಿಕೊಡುತ್ತಿದೆ ಎಂದು ಮೇಡಂ ಸೊನ್ನೆ ಟಿಕೆಟನ್ನು ಬಳೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಒಂದು ಸಲ ರುದ್ರಪಟ್ಟಣಕ್ಕೆ ಹೊರಟಿದ್ದ ಹಿರಿಯರೊಬ್ಬರು ತಂಬೂರಿಯನ್ನು ಸೀಟಿನಲ್ಲಿ ಕೂರಿಸಿ ತಾವು ನಿಂತಿದ್ದರು. ಅದಕ್ಕೂ ಟಿಕೆಟ್ ತಗೊಳ್ಳಿ ಎಂದು ಕಂಡಕ್ಟರ್ ಹಟ ಹಿಡಿದ. ‘ತಂಬೂರಿ ಎಣ್ಣು ಕಣಪ್ಪ, ಅದ್ಕ್ಯಾಕೆ ಟಿಕೆಟ್ಟು’ ಎಂದು ಇವರು ಹಿಂದಿನ ಸೀಟಿನಿಂದ ಹೇಳಿದರು. ಬಸ್ಸೆಲ್ಲ ನಕ್ಕಿತು, ಕಂಡಕ್ಟರೂ ನಕ್ಕು ಮುಂದೆ ಹೋದ. ಆ ದಿನ ಅವರ ಬ್ಯಾಗಿನಲ್ಲಿ ಅವರದೇ ಮೇಲ್ ತೆರೆಯದೆ ಇತ್ತು.

ಹೋಟೆಲಿನಲ್ಲಿ ಖಾಲಿ ದೋಸೆ ತಿಂದು, ಕಾಫಿ ಕುಡಿದು, ಕನ್ನಡಕ ಹಾಕಿಕೊಂಡು ಓದಿದರು. ‘ಸರಿ’ ಎಂದರು. ಫೋನನ್ನು ಬ್ಯಾಗಿಗೆ ಹಾಕಿ ಇನ್ನೊಂದು ಅರ್ಧ ಕಾಫಿ ಹೇಳಿದರು. ಆಮೇಲೆ ಕೈ ತೊಳೆದು ಬರುತ್ತೇನೆ ಎಂದು ಎದ್ದು ಹೋದರು. ತಿಂದ ಕೂಡಲೇ ತೊಳೆದಿದ್ದ ಕೈ. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ನಾನು ಹೋಗಿ ಹಿಂದೆ ನಿಂತರೆ ಅವರಿಗೆ ಇಷ್ಟವಾಗುವುದಿಲ್ಲ ಎಂದು ಗೊತ್ತಿತ್ತು. ನಾನು ಒಂದು ಸಲ ಅತ್ತಾಗ ಅವರು ಕೂಡ ಪಕ್ಕಕ್ಕೆ ಬಂದು ಕೂತಿರಲಿಲ್ಲ, ಎದುರಿನ ಅಂಗಡಿಯ ಬೋರ್ಡು ಓದುತ್ತಾ ನಿಂತಿದ್ದರು. ಸಾಕು ಎಂದೂ ಹೇಳಲಿಲ್ಲ, ಅಳು ಎಂದೂ ಹೇಳಲಿಲ್ಲ. ಅದರ ಬಗ್ಗೆ ನನಗೆ ಆಗ ಸ್ವಲ್ಪ ಸಿಟ್ಟೇ ಬಂದಿತ್ತು.

ವಾಪಸ್ ಬರುವಾಗ ಸೊಪ್ಪಿನ ಕಟ್ಟು ಬಿಚ್ಚುವುದು ಇನ್ನೊಂದು ಪದ್ಧತಿ. ಒಂದೊಂದೇ ಕಡ್ಡಿ ಎಳೆದು ನನ್ನ ಮುಖದ ಹತ್ತಿರ ಹಿಡಿಯುತ್ತಿದ್ದರು. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು. ಯಾವ ಕುಟುಂಬ, ಎಲೆ ಜೋಡಣೆ ಹೇಗೆ, ಬೇರೆ ಸೊಪ್ಪಿಗೂ ಇದಕ್ಕೂ ವ್ಯತ್ಯಾಸ ಹೇಗೆ ಗುರುತಿಸುತ್ತೀಯ ಎನ್ನುತ್ತಿದ್ದರು. ನಾನು ತಪ್ಪು ಹೇಳಿದರೆ ಮುಂದಿನ ಸೀಟಿನ ಅಜ್ಜಿ, ಪಾಪ ಆ ಮಗೀಗೆ ಯಾಕೆ ಹಂಗೆ ಗದರ್ತೀರಿ ಎನ್ನುತ್ತಿದ್ದರು. ಮೇಡಂ ಬಿಡುತ್ತಿರಲಿಲ್ಲ. ಮುಂದಿನ ವರ್ಷದ ಸಂದರ್ಶನದ ತಯಾರಿ ಆ ಬಸ್ಸಿನಲ್ಲೇ ಶುರುವಾಗಿತ್ತು, ನನಗೆ ಅದು ತಿಳಿದದ್ದು ತಡವಾಗಿ.

ಏಕೆಂದರೆ ಮತ್ತೆ ಅರ್ಜಿ ಹಾಕುವ ಯೋಚನೆಯೇ ನನಗಿರಲಿಲ್ಲ. ಎರಡನೇ ಸಲ ಹಾಕುವುದು ಮೊದಲನೇ ಸಲದ ಹಾಗಲ್ಲ. ಮೊದಲನೇ ಸಲ ಆಸೆ ಜಾಸ್ತಿ ಇರುತ್ತದೆ, ಎರಡನೇ ಸಲ ನಾಚಿಕೆ ಜಾಸ್ತಿ. ಶಿಫಾರಸು ಪತ್ರಕ್ಕೆ ಅದೇ ಗುರುಗಳ ಬಳಿ ಮತ್ತೆ ಹೋಗಿ ನಿಲ್ಲಬೇಕು. ಅದೇ ಅಂಕಪಟ್ಟಿಗಳನ್ನು ಮತ್ತೆ ಸ್ಕ್ಯಾನ್ ಮಾಡಿಸಬೇಕು, ಸೈಬರ್ ಸೆಂಟರಿನವನು ಹೋದ ವರ್ಷವೂ ಮಾಡಿಸಿದ್ರಲ್ವಾ ಎನ್ನುತ್ತಾನೆ. ಜನವರಿ ಪೂರ್ತಿ ನಾನು ಲ್ಯಾಪ್‌ಟಾಪ್ ತೆರೆಯುವುದು, ಮುಚ್ಚುವುದು, ಇಷ್ಟೇ ಮಾಡಿದೆ. ನಿದ್ದೆ ಬರುತ್ತಿರಲಿಲ್ಲ. ಅಮ್ಮ ಫೋನ್ ಮಾಡಿದರೆ ಕ್ಲಾಸ್ ಇದೆ ಎಂದು ಇಟ್ಟುಬಿಡುತ್ತಿದ್ದೆ. ಈ ಸಲವೂ ಆಗದಿದ್ದರೆ ಮೂರನೇ ಸಲ ಹಾಕುವ ಶಕ್ತಿ ನನ್ನಲ್ಲಿಲ್ಲ, ಕಲ್ಲುಹೂವಿನ ಆಸೆ ಅಲ್ಲಿಗೆ ಮುಗಿಯುತ್ತದೆ ಎಂದು ನನಗೆ ಖಚಿತವಾಗಿ ಗೊತ್ತಿತ್ತು.

ಮೇಡಂಗೆ ಇದನ್ನು ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ. ನಾಳೆಯಿಂದ ಕ್ಲಾಸ್ ಮುಗಿದ ಮೇಲೆ ಲ್ಯಾಬಿಗೆ ಬಾ ಎಂದರು. ಲ್ಯಾಬಿನ ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು. ಅವರು ಅಂಗಮಾರಿ ಬರೆಯುವುದು, ನಾನು ಕಲ್ಲುಹೂವು ಬರೆಯುವುದು. ಮಾತು ಕಡಿಮೆ. ಐದೂವರೆಗೆ ಅಟೆಂಡರ್ ಬೀಗದ ಕೈ ಅಲ್ಲಾಡಿಸಿದರೆ ಎದ್ದು ಹೋಗುವುದು. ನನ್ನ ಹಿಂದಿನ ವರ್ಷದ ಸಂಶೋಧನಾ ಹೇಳಿಕೆಯನ್ನು ಓದಿ ಮೊದಲನೇ ಸಾಲಿಗೇ ಗೀಟು ಹಾಕಿದರು. ಚಿಕ್ಕಂದಿನಿಂದಲೂ ನನಗೆ ಸಸ್ಯಗಳೆಂದರೆ ಆಸಕ್ತಿ ಎಂದು ಬರೆದಿದ್ದೆ.

‘ಎಲ್ರೂ ಚಿಕ್ಕಂದಿಂದ್ಲೇ ಕಣಮ್ಮಿ. ಓದ್ ಮಂಗಳ್ವಾರ ಗ್ವಾಡೆ ಮುಂದೆ ನಿಂತ್ಕಂಡು ಏನ್ ನೋಡ್ದೆ, ಅದ್ನ ಬರಿ.’

ಅದನ್ನೇ ಬರೆದೆ. ದೇವಸ್ಥಾನದ ಗೋಡೆಯಲ್ಲಿ ಜನ ಕೈಯಿಟ್ಟು ನಮಸ್ಕಾರ ಮಾಡುವ ಎತ್ತರದಲ್ಲಿ ಮಾತ್ರ ಕಲ್ಲುಹೂವು ಇರುವುದಿಲ್ಲ, ಅದರ ಮೇಲೂ ಕೆಳಗೂ ಇರುತ್ತದೆ ಎಂದು ಶುರುಮಾಡಿದೆ. ಮಾರ್ಚಿನಲ್ಲಿ ಇಬ್ಬರೂ ಒಂದೇ ಸಂಜೆ ಕಳಿಸಿದೆವು. ಕಳಿಸಿದ ಮರುದಿನದಿಂದಲೇ ನಾನು ಮೇಲ್ ನೋಡುವುದಕ್ಕೆ ಶುರುಮಾಡಿದ್ದನ್ನು ಕಂಡು, ಬೇಯೋಗಂಟ ಕಾದೋಳಿಗೆ ಆರೋಗಂಟ ಕಾಯಾಕಾಗಕಿಲ್ವಾ ಎಂದು ಗದರಿದರು. ನನ್ನ ಜೀವನದಲ್ಲಿ ಒಂಟಿ ಅನ್ನಿಸದೆ ಒಂದು ಕೆಲಸ ಮಾಡಿದ್ದೇನೆ ಅಂದರೆ ಅದು ಆ ಎರಡು ತಿಂಗಳು, ಆ ಮೇಜಿನ ಆ ತುದಿಯಲ್ಲಿ ಕೂತು ಮಾಡಿದ್ದು.

ಮೇ ತಿಂಗಳ ರಜೆಯಲ್ಲಿ ಅವರು ಊರಿಗೆ ಹೋಗಿದ್ದರು. ಬೆಳಗ್ಗೆ ಎದೆನೋವು ಎಂದರಂತೆ, ಹೊಳೆನರಸೀಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರಂತೆ. ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ನಾನು ಅದನ್ನು ಚನ್ನರಾಯಪಟ್ಟಣದ ಮನೆಯಲ್ಲಿ, ನನ್ನ ಮಂಚದ ಮೇಲೆ ಕೂತು, ಏನೂ ತಿನ್ನದೆ ಓದಿದೆ. ಅವರ ಪದ್ಧತಿಯಲ್ಲಿ ಒಂದನ್ನೂ ಪಾಲಿಸಲಿಕ್ಕೆ ಆಗಲಿಲ್ಲ. ಇವತ್ತಿಗೂ ಆ ಮಂಚದ ಮೇಲೆ ಕೂತರೆ ನನಗೆ ಅದೇ ನೆನಪಾಗುತ್ತದೆ.

ಮಣ್ಣಿಗೆ ಹೋಗಿದ್ದೆ. ಅವರ ತಮ್ಮ ನನ್ನ ಕೈ ಹಿಡಿದುಕೊಂಡು, ‘ನಮ್ಮಕ್ಕಂದು ಎಲ್ಲಾದ್ರೂ ಆಯ್ತೇನವ್ವಾ? ಓದಾಕ್ ಓಯ್ತೀನಿ ಅಂತಿತ್ತು’ ಎಂದು ಕೇಳಿದರು. ಇನ್ನೂ ಗೊತ್ತಾಗಿಲ್ಲ ಎಂದೆ. ಈಗ ಅದು ಗೊತ್ತಾಗುವ ದಾರಿಯಿಲ್ಲ. ಅವರ ಫೋನು ಆ ಮನೆಯ ಯಾವುದೋ ಬೀರುವಿನಲ್ಲಿ ಆರಿಹೋಗಿ ಇರಬೇಕು, ಉತ್ತರ ಬಂದಿದ್ದರೆ ಅದರೊಳಗೆ ತೆರೆಯದೆ ಇರಬೇಕು. ಆಗಿದೆಯೋ ಇಲ್ಲವೋ, ಆ ಉತ್ತರ ಇರುವುದು ಮಾತ್ರ ಅವರು ಯಾವತ್ತೂ ತೆರೆಯಬಾರದು ಎಂದಿದ್ದ ಸ್ವಂತ ಊರಿನಲ್ಲಿ.

ಜೂನಿನಲ್ಲಿ ನನ್ನ ಸಂದರ್ಶನ ನಡೆಯಿತು. ಅಲ್ಲಿ ಒಬ್ಬರು ಗೋಡೆಯ ಆ ಬೋಳು ಪಟ್ಟಿಯ ಬಗ್ಗೆಯೇ ಕೇಳುತ್ತಾ ಹೋದರು. ನಾನು ಹೇಳುತ್ತಾ ಹೋದೆ. ಹೊರಗೆ ಬಂದು ಚೆನ್ನಾಗಾಯಿತು ಎಂದು ಹೇಳಲು ಫೋನ್ ತೆಗೆದೆ, ಅವರ ನಂಬರಿನ ತನಕ ಹೋಗಿ ನಿಲ್ಲಿಸಿದೆ. ಕಾಲೇಜು ಮತ್ತೆ ಶುರುವಾಗಿತ್ತು. ಕಿಟಕಿ ಪಕ್ಕದ ಕುರ್ಚಿ ಖಾಲಿ ಇತ್ತು. ಅದರ ಮೇಲೆ ಯಾರೂ ಬ್ಯಾಗು ಕೂಡ ಇಡುತ್ತಿರಲಿಲ್ಲ.

ಜುಲೈನಲ್ಲಿ ಒಂದು ದಿನ ಎರಡನೇ ಕ್ಲಾಸ್ ಮುಗಿಸಿ ಬರುವಾಗ ಫೋನು ಸದ್ದು ಮಾಡಿತು. ಕಳಿಸಿದವರ ಹೆಸರು ನೋಡಿ ಬ್ಯಾಗಿಗೆ ಹಾಕಿದೆ. ಅರ್ಧ ದಿನದ ರಜೆ ಹೇಳಿ ಬಸ್ ನಿಲ್ದಾಣಕ್ಕೆ ಹೋದೆ. ಅರಕಲಗೂಡಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ದಾರಿಯುದ್ದಕ್ಕೂ ಆಲೂಗೆಡ್ಡೆ ಹೂ ಬಿಟ್ಟಿತ್ತು, ಮೋಡ ಮಾತ್ರ ದಟ್ಟವಾಗಿತ್ತು. ಅದೇ ಹೋಟೆಲಿಗೆ ಹೋಗಿ ಖಾಲಿ ದೋಸೆ ತಿಂದೆ. ಚೂರೂ ಬಿಡದೆ ಪೂರ್ತಿ ತಿಂದೆ. ಕಾಫಿ ಕುಡಿದೆ. ಆಮೇಲೆ ತೆರೆದೆ.

ಆಯ್ಕೆಯಾಗಿದ್ದೇನೆ ಎಂದಿತ್ತು. ಆಗಸ್ಟಿನಲ್ಲಿ ಬಂದು ಸೇರಬೇಕು ಎಂದಿತ್ತು. ಮೂರು ಸಲ ಓದಿದೆ. ಎದುರಿನ ಕುರ್ಚಿ ನೋಡಿದೆ. ಸಿಕ್ಕರೆ ಏನು ಮಾಡಬೇಕು ಎಂಬುದು ಅವರ ಪದ್ಧತಿಯಲ್ಲಿ ಇರಲೇ ಇಲ್ಲ. ಅಷ್ಟು ವರ್ಷದಲ್ಲಿ ಅವರಿಗೆ ಅದು ಬೇಕಾಗಿರಲಿಲ್ಲ. ನಾನು ಎದ್ದು ಹೋಗಿ ನಲ್ಲಿ ತಿರುಗಿಸಿ ಕೈ ತೊಳೆಯುತ್ತಾ ನಿಂತೆ. ನನಗೆ ಅಷ್ಟು ಸಂತೋಷವೂ ಅಷ್ಟು ಒಂಟಿತನವೂ ಒಟ್ಟಿಗೆ ಯಾವತ್ತೂ ಆಗಿರಲಿಲ್ಲ.

ಬೇರೇನೂ ತೋಚದೆ ಸೊಪ್ಪು ಮಾರುವವಳ ಹತ್ತಿರ ಹೋದೆ. ಅವಳು ಕೇಳದೆಯೇ ಎರಡು ಕಟ್ಟು ಎತ್ತಿ ಕೊಟ್ಟಳು.

‘ಯಾಕವ್ವ, ಅಕ್ಕೋರು ಬರ್ನಿಲ್ವಾ?’

ಬರಲಿಲ್ಲ ಎಂದೆ. ಎರಡನ್ನೂ ತೆಗೆದುಕೊಂಡೆ.

ಹಾಸನಕ್ಕೆ ಬಂದಾಗ ನಾಲ್ಕು ಗಂಟೆಯಾಗಿತ್ತು. ಛತ್ರಿ ಬಿಟ್ಟು ಹೋಗಿದ್ದೆ, ತರೋಣವೆಂದು ಸ್ಟಾಫ್ ರೂಮಿಗೆ ಹೋದೆ. ಪ್ರಾಣಿಶಾಸ್ತ್ರದ ಸರ್ ಒಬ್ಬರೇ ಪೇಪರ್ ಓದುತ್ತಿದ್ದರು. ಸುಸ್ತಾಗಿತ್ತು. ಯೋಚಿಸದೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟೆ, ಸೊಪ್ಪನ್ನು ಮಡಿಲಲ್ಲಿಟ್ಟುಕೊಂಡೆ. ಸರ್ ತಲೆಯೆತ್ತಿ ಸೊಪ್ಪು ನೋಡಿದರು. ನನ್ನ ಕಣ್ಣೂ ಕೆಂಪಾಗಿದ್ದಿರಬೇಕು. ಯಾವ ಸೊಪ್ಪು ಎಂದು ಅವರು ಕೇಳಲಿಲ್ಲ. ಎದ್ದು ಹೋಗಿ ಫ್ಲಾಸ್ಕಿನಿಂದ ಟೀ ಬಗ್ಗಿಸಿ ತಂದು ನನ್ನ ಮುಂದಿಟ್ಟರು. ಆ ಮನುಷ್ಯ ಯಾರಿಗಾದರೂ ಟೀ ತಂದುಕೊಟ್ಟದ್ದನ್ನು ನಾನು ನೋಡಿರಲಿಲ್ಲ. ಅಲ್ಲೇ ನಿಂತು ಹೇಳಿದರು.

‘ಓಗ್ಲಿ ಬಿಡಿ ಮೇಡಂ. ಬೇಜಾರ್ ಮಾಡ್ಕೋಬೇಡಿ. ನಿಮ್ಮಲ್ಲಿ ಏನೂ ಕಮ್ಮಿ ಇಲ್ಲ, ಕೊಡೋರಿಗೆ ಕಣ್ಣಿಲ್ಲ ಅಷ್ಟೇ.’

ಇಲ್ಲ ಸರ್, ಸಿಕ್ಕಿದೆ ಎನ್ನಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಆ ಮಾತನ್ನು ಅವರು ಎಷ್ಟೋ ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದರು ಎಂಬುದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅದು ನನ್ನದಲ್ಲ, ಮೇಡಂಗೆ ಸೇರಬೇಕಾಗಿದ್ದದ್ದು. ಅದು ಬಹಳ ತಡವಾಗಿ ಬಂದಿತ್ತು, ಬೇರೆಯವಳ ಕೈಗೆ ಬಂದಿತ್ತು, ಕುರ್ಚಿಯೊಂದು ಮಾತ್ರ ಸರಿಯಾಗಿತ್ತು. ನನ್ನ ಸುದ್ದಿಯನ್ನು ನಾಳೆ ಹೇಳಿದರಾಯಿತು ಎಂದುಕೊಂಡು, ‘ಹೂಂ ಸರ್’ ಎಂದೆ. ಅವರು ಕೊಟ್ಟ ಟೀ ಕುಡಿದೆ.

ನಾನಿದ್ದ ಬಾಡಿಗೆ ರೂಮಿಗೆ ಬಂದು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಅತ್ತಳು, ಆಮೇಲೆ ಪಕ್ಕದ ಮನೆಯ ಮಾವನಿಗೆ ಹೇಳಿಬರಲು ಹೋದಳು. ನಾನು ಸೊಪ್ಪು ಬಿಡಿಸಿಕೊಂಡು ಕೂತೆ. ಅಣ್ಣೆ, ಕನ್ನೆ, ಗೋಣಿ ಎಂದು ಒಂದೊಂದೇ ಕಡ್ಡಿ ಎತ್ತಿ ಜೋರಾಗಿಯೇ ಹೇಳಿದೆ, ಕುಟುಂಬಗಳನ್ನೂ ಹೇಳಿದೆ. ಒಂದೂ ತಪ್ಪಲಿಲ್ಲ. ಬಸ್ಸಾರು ಮಾಡಿದೆ. ಒಬ್ಬಳಿಗೆ ಜಾಸ್ತಿಯಾಯಿತು.